ಘಟ್ಟದ ಹಿಂದಿನ ಸೂರ್ಯ: ಉತ್ತರ ಕನ್ನಡದ ಬೆಳಗನ್ನು ಚಿತ್ರ ತೆಗೆಯುವ ಬಗೆ

ನಮ್ಮ ಕರಾವಳಿಯಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ, ಗುಡ್ಡದ ಬೆನ್ನಿನಿಂದ ಏಳುತ್ತಾನೆ. ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಸೂರ್ಯೋದಯದ ಛಾಯಾಗ್ರಹಣದ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಸಪಾಟಾದ ಬಯಲನ್ನೋ ಪೂರ್ವಕ್ಕೆ ತೆರೆದ ಸಮುದ್ರವನ್ನೋ ಮನಸ್ಸಿನಲ್ಲಿಟ್ಟುಕೊಂಡು ಹೇಳಿದವು. ಅವನ್ನೇ ನಂಬಿ ಕಾರವಾರದ ಟ್ಯಾಗೋರ್ ಕಡಲತೀರಕ್ಕೋ ಗೋಕರ್ಣದ ಕುಡ್ಲೆಗೋ ಹೋದರೆ ಲೆಕ್ಕ ತಪ್ಪುತ್ತದೆ. ಪಂಚಾಂಗದ ಸಮಯಕ್ಕೆ ಸೂರ್ಯ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಬಣ್ಣ ಉಳಿದಿರುವುದಿಲ್ಲ. ಇಲ್ಲಿನ ಬೆಳಗಿಗೆ ಅದರದೇ ಲೆಕ್ಕವಿದೆ. ಅದು ತಿಳಿದರೆ ಪೂರ್ವ ಕರಾವಳಿಯವರಿಗೆ ಬೆಳಿಗ್ಗೆ ಸಿಗದ ಕೆಲವು ನೋಟಗಳು ಇಲ್ಲಿ ಸಿಗುತ್ತವೆ.

ಮೊದಲು ಗಡಿಯಾರ. ಭಾರತದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಕಾರವಾರ ಇರುವುದು ಸುಮಾರು 74.1 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಇಲ್ಲಿನ ಸೂರ್ಯ ಗಡಿಯಾರಕ್ಕಿಂತ 33 ನಿಮಿಷ ಹಿಂದೆ. ಹಾಗಾಗಿ ಮೇ ಕೊನೆ, ಜೂನ್ ಮೊದಲ ವಾರದಲ್ಲೂ ಸೂರ್ಯೋದಯ 6 ಗಂಟೆ ದಾಟಿಯೇ ಆಗುತ್ತದೆ. ಜನವರಿ ಕೊನೆಯ ಹೊತ್ತಿಗೆ 7 ಗಂಟೆಯೂ ಕಳೆಯುತ್ತದೆ. ವರ್ಷದ ಅತಿ ತಡವಾದ ಸೂರ್ಯೋದಯ ಡಿಸೆಂಬರ್ 21ರಂದು ಎಂದುಕೊಂಡವರು ಬಹಳ. ಆ ದಿನ ಇಲ್ಲಿ ಸೂರ್ಯ ಹುಟ್ಟುವುದು 6.54ರ ಸುಮಾರಿಗೆ. ಇನ್ನೂ ತಡವಾಗುವುದು ಸಂಕ್ರಾಂತಿ ಕಳೆದ ಮೇಲೆ.

ದಿಕ್ಕೂ ಒಂದೇ ಅಲ್ಲ. ಜೂನ್ ಮೂರನೇ ವಾರದಲ್ಲಿ ಸೂರ್ಯ ನೇರ ಪೂರ್ವದಿಂದ 24 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೆ. ದಿಕ್ಸೂಚಿಯಲ್ಲಿ ಓದಿದರೆ 66ರಿಂದ 114 ಡಿಗ್ರಿ. ಒಂದು ಜಾಗದಲ್ಲಿ ಮಾರ್ಚ್‌ನಲ್ಲಿ ಹೊಳೆಯ ನಡುವೆ ಬಂದ ಸೂರ್ಯ ಡಿಸೆಂಬರ್‌ನಲ್ಲಿ ದಕ್ಷಿಣ ದಂಡೆಯ ತೆಂಗಿನ ಸಾಲಿನ ಹಿಂದೆ ಇರುತ್ತಾನೆ. ಫೋಟೋಪಿಲ್ಸ್, ಸನ್ ಸರ್ವೇಯರ್‌ನಂಥ ಆ್ಯಪ್‌ಗಳು ನಕ್ಷೆಯ ಮೇಲೆ ಈ ಗೆರೆಯನ್ನು ಎಳೆದು ತೋರಿಸುತ್ತವೆ. ಹಿಂದಿನ ಸಂಜೆಯೇ ನೋಡಿಟ್ಟುಕೊಳ್ಳಿ.

ಗುಡ್ಡ ಎಷ್ಟು ತಡಮಾಡುತ್ತದೆ?

ಇದನ್ನು ಬೆರಳಿನಲ್ಲೇ ಅಳೆಯಬಹುದು. ಕೈಯನ್ನು ಪೂರ್ತಿ ಚಾಚಿದಾಗ ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ, ನಡುವಿನ ಮೂರು ಬೆರಳು ಸೇರಿ 5 ಡಿಗ್ರಿ, ಮುಷ್ಟಿ 10 ಡಿಗ್ರಿ. ನಮ್ಮ ಅಕ್ಷಾಂಶದಲ್ಲಿ ಸೂರ್ಯ 1 ಡಿಗ್ರಿ ಏರಲು ನಾಲ್ಕರಿಂದ ನಾಲ್ಕೂವರೆ ನಿಮಿಷ ಬೇಕು. ಸಮುದ್ರದ ಮಟ್ಟದಿಂದ ಗುಡ್ಡದ ನೆತ್ತಿ ಮೂರು ಕಿರುಬೆರಳು ಎತ್ತರವಿದ್ದರೆ ಸೂರ್ಯ ಸುಮಾರು 13 ನಿಮಿಷ ತಡ. ದೂರದ ಘಟ್ಟಕ್ಕಿಂತ ಹತ್ತಿರದ ಸಣ್ಣ ಗುಡ್ಡವೇ ಹೆಚ್ಚು ಕಾಯಿಸುತ್ತದೆ: 10 ಕಿ.ಮೀ. ದೂರದ 600 ಮೀಟರ್ ಬೆಟ್ಟ ಮೂರೂವರೆ ಡಿಗ್ರಿಯಷ್ಟೇ ಕಂಡರೆ, 3 ಕಿ.ಮೀ. ದೂರದ 300 ಮೀಟರ್ ಗುಡ್ಡ ಸುಮಾರು 6 ಡಿಗ್ರಿ. ಅಂದರೆ ಇಪ್ಪತ್ತೈದು ನಿಮಿಷ. ಗುಡ್ಡಗಳು ಕಡಲವರೆಗೂ ಇಳಿದು ಬಂದಿರುವ ಕಾರವಾರ, ಅಂಕೋಲಾ ಭಾಗದಲ್ಲಿ ಈ ವ್ಯತ್ಯಾಸ ಜಾಗದಿಂದ ಜಾಗಕ್ಕೆ ಬಹಳ.

ಅಷ್ಟು ಮೇಲೆ ಬಂದ ಸೂರ್ಯನಲ್ಲಿ ಕೆಂಪು ಕರಗಿರುತ್ತದೆ. ಬೆಳಕು ದಿಗಂತದಲ್ಲಿ ದಪ್ಪ ಗಾಳಿಯ ಪದರ ಹಾದು ಬರುವಾಗ ನೀಲಿ ಚದುರಿಹೋಗಿ ಕೆಂಪು, ಕಿತ್ತಳೆ ಉಳಿಯುತ್ತವೆ. 6 ಡಿಗ್ರಿ ಏರಿದ ಮೇಲೆ ಆ ದಾರಿ ಎಷ್ಟೋ ಕಿರಿದಾಗಿರುತ್ತದೆ. ಜೊತೆಗೆ ಸೂರ್ಯಬಿಂಬದ ಪ್ರಖರತೆಯನ್ನು ಯಾವ ಸೆನ್ಸರ್ ಕೂಡ ನೆರಳಿನಲ್ಲಿರುವ ಮರಳಿನ ಜೊತೆ ಒಂದೇ ಚಿತ್ರದಲ್ಲಿ ಹಿಡಿಯಲಾರದು. ಆದ್ದರಿಂದ ಕರಾವಳಿಯ ಬೆಳಗಿನ ಮುಖ್ಯ ಕೆಲಸ ಪಂಚಾಂಗದ ಸೂರ್ಯೋದಯಕ್ಕೆ ಮೊದಲಿನ 30 ನಿಮಿಷದಲ್ಲೇ ಮುಗಿಯಬೇಕು. ಗುಡ್ಡದ ಮೇಲೆ ಸೂರ್ಯ ಬಂದ ಮೇಲಿನದು ಬೇರೆಯೇ ಬಗೆಯ ಚಿತ್ರ.

ಕಡಲಿನ ಕಡೆಗೇ ತಿರುಗಿ

ಪೂರ್ವಕ್ಕೆ ಬೆನ್ನು ಹಾಕಿ ಪಶ್ಚಿಮ ನೋಡುವುದು ನಮ್ಮ ತೀರದ ಬೆಳಗಿನ ದೊಡ್ಡ ಸಂಪತ್ತು. ಸೂರ್ಯೋದಯಕ್ಕೆ ಸುಮಾರು 20 ನಿಮಿಷ ಇರುವಾಗ ಕಡಲಿನ ಅಂಚಿಗೆ ತಾಗಿದಂತೆ ಬೂದು ಮಿಶ್ರಿತ ನೀಲಿಯ ಪಟ್ಟಿಯೊಂದು ಕಾಣುತ್ತದೆ. ಮೋಡವೆಂದು ತಿಳಿದು ಬಿಡುವವರೇ ಹೆಚ್ಚು. ಅದು ಭೂಮಿಯ ನೆರಳು, ವಾಯುಮಂಡಲದ ಮೇಲೆ ಬಿದ್ದದ್ದು. ಅದರ ಮೇಲಿನ ನಸುಗೆಂಪು ಪಟ್ಟಿಗೆ ಬೆಲ್ಟ್ ಆಫ್ ವೀನಸ್ ಎಂದು ಹೆಸರು. ಪೂರ್ವದ ಕೆಂಪು ಬೆಳಕು ಎದುರಿನ ಗಾಳಿಯಿಂದ ನಮ್ಮತ್ತ ಚದುರಿ ಬರುವುದರಿಂದ ಈ ಬಣ್ಣ. ಸೂರ್ಯ ಮೇಲೆ ಬಂದಂತೆ ನೆರಳು ಕೆಳಗಿಳಿಯುತ್ತದೆ, ಸೂರ್ಯೋದಯದ ಹೊತ್ತಿಗೆ ಕಡಲಿನಲ್ಲಿ ಅಡಗುತ್ತದೆ. ಅಡೆತಡೆಯಿಲ್ಲದ ಪಶ್ಚಿಮ ದಿಗಂತವಿದ್ದರೆ ಮಾತ್ರ ಇದು ಬೆಳಿಗ್ಗೆ ಪೂರ್ತಿ ಕಾಣುತ್ತದೆ. ಚೆನ್ನೈ, ಪುರಿಯವರು ಕಡಲ ಮೇಲೆ ಇದನ್ನು ನೋಡಬೇಕಾದರೆ ಸಂಜೆಗೆ ಕಾಯಬೇಕು.

ಪಟ್ಟಿ ಅಗಲವಿರುವುದು ಕೆಲವೇ ಡಿಗ್ರಿ. 16 ಮಿ.ಮೀ.ಯ ಅಗಲ ನೋಟದ ಲೆನ್ಸ್ ಹಾಕಿದರೆ ದಾರದಂತೆ ಕಾಣುತ್ತದೆ. 50ರಿಂದ 100 ಮಿ.ಮೀ. ಸರಿಯಾದೀತು. ಈ ದಿಕ್ಕಿನಲ್ಲಿ ಆಕಾಶಕ್ಕೂ ಮರಳಿಗೂ ಬೆಳಕಿನ ಅಂತರ ಕಡಿಮೆ, ಯಾವ ಫಿಲ್ಟರೂ ಬೇಡ. ಎಕ್ಸ್‌ಪೋಶರನ್ನು, ಅಂದರೆ ಸೆನ್ಸರ್‌ಗೆ ಬಿಡುವ ಬೆಳಕನ್ನು, ಕ್ಯಾಮೆರಾದ ಮೀಟರ್ ಹೇಳಿದ್ದಕ್ಕಿಂತ ಅರ್ಧ ಸ್ಟಾಪ್‌ನಷ್ಟು ಏರಿಸಿ (ಒಂದು ಸ್ಟಾಪ್ ಏರಿಸಿದರೆ ಬೆಳಕು ದುಪ್ಪಟ್ಟು). ಇಲ್ಲದಿದ್ದರೆ ಆ ಮೆಲುಬಣ್ಣಗಳು ಕೊಳಕಾಗಿ ಬರುತ್ತವೆ.

ಇನ್ನು ಹುಣ್ಣಿಮೆಯ ಬೆಳಗು. ಹುಣ್ಣಿಮೆಯ ಚಂದ್ರ ಮುಳುಗುವುದೂ ಸೂರ್ಯ ಹುಟ್ಟುವುದೂ ಹೆಚ್ಚುಕಡಿಮೆ ಒಂದೇ ಹೊತ್ತು. ಚಂದ್ರಾಸ್ತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುವುದರಿಂದ ಹುಣ್ಣಿಮೆಯ ಆಚೀಚಿನ ಎರಡು ಬೆಳಗುಗಳಲ್ಲಿ ಒಂದು ಹೊಂದುತ್ತದೆ. ಸೂರ್ಯೋದಯದ ಆಚೀಚೆ ಹತ್ತು ನಿಮಿಷದಲ್ಲಿ ಮುಳುಗುವ ದಿನವನ್ನು ಆರಿಸಿ. ಆ ಹೊತ್ತಿನಲ್ಲಿ ಚಂದ್ರನ ಬೆಳಕೂ ಆಕಾಶದ ಬೆಳಕೂ ಸಮನಾಗಿ ಒಂದೇ ಎಕ್ಸ್‌ಪೋಶರ್‌ನಲ್ಲಿ ಎರಡೂ ಬರುತ್ತವೆ. ಅರ್ಧ ಗಂಟೆ ಮೊದಲಾದರೆ ಚಂದ್ರ ಬಿಳಿ ಚುಕ್ಕೆಯಾಗಿ ಸುಟ್ಟುಹೋಗುತ್ತಾನೆ. ಸೆನ್ಸರ್ ಮೇಲೆ ಚಂದ್ರನ ಗಾತ್ರ ಲೆನ್ಸ್‌ನ ಮಿ.ಮೀ.ಯನ್ನು 110ರಿಂದ ಭಾಗಿಸಿದಷ್ಟು: 300 ಮಿ.ಮೀ.ಗೆ 2.7 ಮಿ.ಮೀ., ಅಂದರೆ ಫುಲ್‌ಫ್ರೇಮ್ (36×24 ಮಿ.ಮೀ. ಸೆನ್ಸರ್) ಚಿತ್ರದ ಎತ್ತರದ ಒಂಬತ್ತನೇ ಒಂದು ಪಾಲು. ಆ ಲೆನ್ಸ್‌ನಲ್ಲಿ ಶಟರ್ ಕಾಲು ಸೆಕೆಂಡಿಗಿಂತ ನಿಧಾನವಾದರೆ ಚಂದ್ರ ಅಲುಗಿದಂತೆ ಬರುತ್ತಾನೆ, ಟ್ರೈಪಾಡ್ ಎಷ್ಟೇ ಗಟ್ಟಿಯಿರಲಿ.

ಸೂರ್ಯ ಗುಡ್ಡ ಹತ್ತುವ ಹೊತ್ತಿಗೂ ಪಶ್ಚಿಮದಿಂದ ಕಣ್ಣು ತೆಗೆಯಬೇಡಿ. ಗುಡ್ಡದ ನೆರಳು ಕಡಲಿನ ಮೇಲೆ ಬಿದ್ದಿರುತ್ತದೆ: ಸೂರ್ಯ 3 ಡಿಗ್ರಿ ಎತ್ತರದಲ್ಲಿರುವಾಗ 300 ಮೀಟರ್ ಗುಡ್ಡದ ನೆರಳಿನ ಉದ್ದ ಐದೂವರೆ ಕಿ.ಮೀ. ದಾಟುತ್ತದೆ. ನೆರಳಿನ ಆಚೆಗಿರುವುದಕ್ಕೆ ಮೊದಲು ಬಿಸಿಲು. ಹಾಗಾಗಿ ನೀವು ನಿಂತ ಮರಳು ಇನ್ನೂ ತಣ್ಣನೆಯ ನೀಲಿಯಲ್ಲಿರುವಾಗಲೇ ಹೊರಗಡಲಿನ ದೋಣಿ, ನಡುಗಡ್ಡೆಯ ನೆತ್ತಿ ಕೆಂಡದಂತೆ ಹೊಳೆಯುತ್ತವೆ. ಬಿಸಿಲಿನ ಗೆರೆ ಆಮೇಲೆ ನಿಧಾನವಾಗಿ ದಡಕ್ಕೆ ಸರಿದು ಬರುತ್ತದೆ. ಕಾರವಾರದಲ್ಲಿ ಕೂರ್ಮಗಡ ನಡುಗಡ್ಡೆಯನ್ನು 200 ಮಿ.ಮೀ.ಯಲ್ಲಿ ಹೀಗೆ ಹಿಡಿಯಬಹುದು. ಮೀಟರನ್ನು ಸ್ಪಾಟ್‌ಗೆ, ಅಂದರೆ ಒಂದು ಚಿಕ್ಕ ಜಾಗವನ್ನಷ್ಟೇ ಅಳೆಯುವ ಬಗೆಗೆ, ಹಾಕಿ ಬಿಸಿಲು ಬಿದ್ದ ಭಾಗವನ್ನೇ ಅಳೆಯಿರಿ. ಇಲ್ಲದಿದ್ದರೆ ಕ್ಯಾಮೆರಾ ನೆರಳನ್ನು ನೋಡಿ ಆ ಹೊಳಪನ್ನು ಸುಟ್ಟುಬಿಡುತ್ತದೆ.

ಪೂರ್ವ ಬೇಕೆಂದರೆ ಅಳಿವೆಗೆ ಹೋಗಿ

ನೀರಿನ ಮೇಲೆ ಸೂರ್ಯೋದಯ ಬೇಕೇ ಬೇಕೆನ್ನುವವರಿಗೆ ಜಿಲ್ಲೆಯ ಹೊಳೆಗಳಿವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಘಟ್ಟ ಇಳಿದು ಪಶ್ಚಿಮಕ್ಕೆ ಹರಿದು ಕಡಲು ಸೇರುತ್ತವೆ. ಅಳಿವೆಯ ಹತ್ತಿರ ನಿಂತು ಹೊಳೆಯ ಮೇಲ್ಗಡೆ ನೋಡಿದರೆ ಎದುರಿಗೆ ಅಗಲ ನೀರು, ಅದರ ಕೊನೆಗೆ ಒಂದರ ಹಿಂದೊಂದು ಗುಡ್ಡದ ಸಾಲು. ಬೆಳಗಿನ ಜಾವ ನೆಲ ಕಡಲಿಗಿಂತ ತಣ್ಣಗಿರುವುದರಿಂದ ಗಾಳಿ ಘಟ್ಟದ ಕಡೆಯಿಂದ ಮೆಲ್ಲಗೆ ಬೀಸುತ್ತದೆ. ನೀರು ಕನ್ನಡಿಯಾಗಿರುವುದು ಆಗಲೇ. ನೆಲ ಕಾದು ಕಡಲಗಾಳಿ ಶುರುವಾದ ಮೇಲೆ ಪ್ರತಿಬಿಂಬ ಒಡೆಯುತ್ತದೆ.

ಕಾರವಾರದಲ್ಲಿ ಕೋಡಿಬಾಗದ ದಂಡೆ, ಅಘನಾಶಿನಿಗೆ ತದಡಿ, ಶರಾವತಿಗೆ ಹೊನ್ನಾವರ. ಹೊನ್ನಾವರದಲ್ಲಿ ಕೊಂಕಣ ರೈಲ್ವೆಯ ಸುಮಾರು 2 ಕಿ.ಮೀ. ಉದ್ದದ ಸೇತುವೆ ಗುಡ್ಡದ ಸಾಲಿನ ಮುಂದೆ ಒಂದೇ ಗೆರೆಯಾಗಿ ಬರುತ್ತದೆ. ರೈಲು ದಾಟುವ ಹೊತ್ತನ್ನು ಮೊದಲೇ ನೋಡಿಟ್ಟುಕೊಂಡರೆ ಬೆಳ್ಳಿನೀರಿನ ಮೇಲೆ ಕಪ್ಪು ಬೋಗಿಗಳ ಸಾಲು ಸಿಕ್ಕೀತು. ಹೆದ್ದಾರಿಯ ಸೇತುವೆ ಮೇಲೆ ಟ್ರೈಪಾಡ್ ಹೂಡಬೇಡಿ. ಲಾರಿ ಹೋದಾಗಲೆಲ್ಲ ಸೇತುವೆ ನಡುಗುತ್ತದೆ, ಅರ್ಧ ಸೆಕೆಂಡಿನ ಶಟರ್ ಕೂಡ ಕೆಡುತ್ತದೆ. ಅಪಾಯದ ಮಾತಂತೂ ಇದ್ದೇ ಇದೆ.

ಉಬ್ಬರ ಇಳಿತದ ಪಟ್ಟಿ ನೋಡದೆ ಅಳಿವೆಗೆ ಹೋಗುವುದು ವ್ಯರ್ಥ. ಇಳಿತದಲ್ಲಿ ಕೆಸರು ದಿಬ್ಬಗಳು, ಅವುಗಳ ನಡುವೆ ಬಳ್ಳಿಯಂತೆ ಹರಿಯುವ ಕಿರುಕಾಲುವೆಗಳು, ಚಿಪ್ಪು ಆರಿಸುವವರು. ಉಬ್ಬರದಲ್ಲಿ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಬುಡ ಮುಳುಗಿ ಬರೀ ಹಸಿರು ಗುಡ್ಡೆಗಳು ನೀರಿನಲ್ಲಿ ತೇಲಿದಂತೆ. ಎರಡೂ ಚೆಂದವೇ, ಆದರೆ ಒಂದನ್ನು ಬಯಸಿ ಹೋದವರಿಗೆ ಇನ್ನೊಂದು ಕೆಲಸಕ್ಕೆ ಬರುವುದಿಲ್ಲ. ಉಬ್ಬರದ ಹೊತ್ತು ದಿನಕ್ಕೆ 50 ನಿಮಿಷದಂತೆ ಸರಿಯುತ್ತದೆ. ಇವತ್ತು ಬೆಳಿಗ್ಗೆ 6ಕ್ಕೆ ಇಳಿತವಿದ್ದರೆ ಒಂದು ವಾರ ಕಳೆದ ಮೇಲೆ ಅದೇ ಹೊತ್ತಿಗೆ ಉಬ್ಬರ. ಕೆಸರಿನಲ್ಲಿ ಮೊಣಕಾಲುದ್ದ ಹೂಳುವ ಜಾಗಗಳಿವೆ. ಸ್ಥಳೀಯರು ನಡೆಯುವ ದಾರಿಯಲ್ಲೇ ನಡೆಯಿರಿ.

ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರ ಇನ್ನೊಂದು ಅಪರೂಪದ ಜಾಗ. ಬೇಸಿಗೆಯಲ್ಲಿ, ಉಪ್ಪು ಬೆಳೆಯುವ ಕಾಲದಲ್ಲಿ ಮಡಿಗಳಲ್ಲಿ ತೆಳ್ಳನೆ ನೀರು ನಿಂತಿರುತ್ತದೆ, ಅಲೆಯ ಸುಳಿವಿಲ್ಲ. ಕ್ಯಾಮೆರಾವನ್ನು ನೀರಿನಿಂದ ಒಂದು ಅಡಿಯೊಳಗೆ ಇಳಿಸಿದರೆ ಇಡೀ ಆಕಾಶ ಮಡಿಯಲ್ಲಿ ಬೀಳುತ್ತದೆ. ಎದೆಯೆತ್ತರದಿಂದ ತೆಗೆದರೆ ಮಡಿಯ ಕೆಸರು ತಳವೇ ಕಾಣುತ್ತದೆ. ಬದು ಜನರ ದುಡಿಮೆಯಿಂದ ಆದದ್ದು, ಹೊಸದಾಗಿ ಮೆತ್ತಿದ ಬದುವಿನ ಮೇಲೆ ಕಾಲಿಟ್ಟರೆ ಕುಸಿಯುತ್ತದೆ. ಆಗರದವರನ್ನು ಕೇಳಿಯೇ ಒಳಗೆ ಹೋಗಿ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಕಟ್ಟೆಗೂ ಇದೇ ಮಾತು.

ಕತ್ತಲಲ್ಲಿ ಕ್ಯಾಮೆರಾ ಹೊಂದಿಸುವುದು

ಸೂರ್ಯ ದಿಗಂತಕ್ಕಿಂತ 6 ಡಿಗ್ರಿ ಕೆಳಗಿರುವಾಗಿನಿಂದ ದಿಗಂತಕ್ಕೆ ಬರುವವರೆಗೆ ಇಲ್ಲಿ ಹಿಡಿಯುವುದು 22ರಿಂದ 24 ನಿಮಿಷ. ಅಷ್ಟರಲ್ಲಿ ನೆಲದ ಮೇಲಿನ ಬೆಳಕು ಸುಮಾರು ನೂರು ಪಟ್ಟು ಹೆಚ್ಚುತ್ತದೆ. ಅಂದರೆ ಮೂರು ಮೂರೂವರೆ ನಿಮಿಷಕ್ಕೊಮ್ಮೆ ದುಪ್ಪಟ್ಟು. ಒಮ್ಮೆ ಹೊಂದಿಸಿ ಬಿಟ್ಟರೆ ನಾಲ್ಕನೇ ಚಿತ್ರಕ್ಕೆ ಎಲ್ಲ ಬೆಳ್ಳಗಾಗುವುದು ಇದೇ ಕಾರಣಕ್ಕೆ.

ಆರಂಭಕ್ಕೆ ಐಎಸ್‌ಒ (ಸೆನ್ಸರ್‌ನ ಸೂಕ್ಷ್ಮತೆ) 100, ಎಫ್/8 (ಲೆನ್ಸ್‌ನ ತೂತಿನ ಅಳತೆ, ಅಂಕಿ ಹೆಚ್ಚಿದಷ್ಟೂ ತೂತು ಸಣ್ಣ), ಶಟರ್ 15 ಸೆಕೆಂಡ್ ಇಟ್ಟು ನೋಡಿ. ಹತ್ತು ನಿಮಿಷ ಉಳಿದಾಗ ಅದು ಒಂದೆರಡು ಸೆಕೆಂಡಿಗೆ ಇಳಿಯುತ್ತದೆ. ಪೂರ್ವದ ಬೆಳಗುವ ಆಕಾಶಕ್ಕೆ ಇನ್ನೂ ಕಡಿಮೆ ಸಾಕು. ಕಣ್ಣಿಗಿಂತ ಹಿಸ್ಟೋಗ್ರಾಂ, ಅಂದರೆ ಎಡಕ್ಕೆ ಕತ್ತಲು ಬಲಕ್ಕೆ ಬೆಳಕು ಎಷ್ಟಿದೆ ಎಂದು ತೋರಿಸುವ ನಕ್ಷೆಯನ್ನು ನಂಬಿ. ಕತ್ತಲಲ್ಲಿ ಕ್ಯಾಮೆರಾದ ಪರದೆ ಇರುವುದಕ್ಕಿಂತ ಬೆಳಗಿ ಕಾಣುತ್ತದೆ, ಮನೆಗೆ ಬಂದು ನೋಡಿದರೆ ಚಿತ್ರ ಕಪ್ಪು. ಬಲ ತುದಿಗೆ ಗುಡ್ಡೆ ಒತ್ತಿಕೊಂಡಿದ್ದರೆ ಆಕಾಶ ಸುಟ್ಟಿದೆ ಎಂದರ್ಥ. ಸುಟ್ಟದ್ದನ್ನು ಯಾವ ಸಾಫ್ಟ್‌ವೇರೂ ತರಲಾರದು. ನೆರಳನ್ನಾದರೆ ಒಂದಿಷ್ಟು ಎತ್ತಬಹುದು. ಸೆನ್ಸರ್ ಹಿಡಿದದ್ದನ್ನೆಲ್ಲ ಉಳಿಸುವ ರಾ ಫೈಲ್‌ನಲ್ಲೇ ತೆಗೆಯಿರಿ.

ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಕ್ಯಾಮೆರಾ ಬೆಳಗಿನ ನೀಲಿಯನ್ನೂ ಕೆಂಪನ್ನೂ ತಪ್ಪೆಂದು ತಿಳಿದು ತಿದ್ದಿಬಿಡುತ್ತದೆ. ಡೇಲೈಟ್‌ಗೆ, ಅಂದರೆ 5200 ಕೆಲ್ವಿನ್ ಆಸುಪಾಸಿಗೆ ಕಟ್ಟಿಹಾಕಿ.

ಫೋಕಸ್ ಮಾತ್ರ ತಾಳ್ಮೆ ಕೇಳುತ್ತದೆ. ಕತ್ತಲಲ್ಲಿ ಆಟೋಫೋಕಸ್ ಅಲೆದಾಡುತ್ತದೆ. ಲೈವ್ ವ್ಯೂನಲ್ಲಿ ದೂರದ ದೀಪವೊಂದನ್ನು, ಮೀನುದೋಣಿಯದೋ ಆಚೆ ದಂಡೆಯದೋ, ಹತ್ತು ಪಟ್ಟು ಹಿಗ್ಗಿಸಿ, ಚುಕ್ಕೆ ಅತಿ ಚಿಕ್ಕದಾಗುವವರೆಗೆ ಉಂಗುರ ತಿರುಗಿಸಿ, ಮ್ಯಾನುವಲ್‌ನಲ್ಲೇ ಬಿಡಿ. ಮುಂದೆ ಬಂಡೆ, ಚಿಪ್ಪು, ಬಲೆ ಇದ್ದು ಅದೂ ದೂರದ ಗುಡ್ಡವೂ ಸ್ಪಷ್ಟ ಬೇಕಿದ್ದರೆ: ಫುಲ್‌ಫ್ರೇಮ್‌ನಲ್ಲಿ 24 ಮಿ.ಮೀ., ಎಫ್/11ಕ್ಕೆ ಫೋಕಸನ್ನು 1.8 ಮೀಟರ್‌ನಲ್ಲಿಟ್ಟರೆ 90 ಸೆಂ.ಮೀ.ಯಿಂದ ಅನಂತದವರೆಗೆ ಸಾಕಷ್ಟು ಸ್ಪಷ್ಟ. ಎಫ್/16ಕ್ಕಿಂತ ಮುಂದೆ ಹೋದರೆ ಬೆಳಕು ಸಣ್ಣ ತೂತಿನ ಅಂಚಿನಲ್ಲಿ ಬಾಗಿ ಚಿತ್ರ ಮೆತ್ತಗಾಗುತ್ತದೆ. ಫುಲ್‌ಫ್ರೇಮ್‌ಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್‌ನಲ್ಲಿ ಎಫ್/11 ದಾಟದಿರುವುದು ಒಳ್ಳೆಯದು.

ಮೇಲರ್ಧ ಕಪ್ಪಾಗಿ ಆಕಾಶದ ಬೆಳಕನ್ನು ತಗ್ಗಿಸುವ ಗ್ರಾಜುಯೇಟೆಡ್ ಫಿಲ್ಟರ್ ಬಗ್ಗೆ ಒಂದು ಮಾತು. ಗಟ್ಟಿ ಅಂಚಿನದು ಸಪಾಟು ದಿಗಂತಕ್ಕೆ ಮಾಡಿದ್ದು. ಗುಡ್ಡಗಳ ಏರಿಳಿತದ ಮೇಲೆ ಅದನ್ನಿಟ್ಟರೆ ಶಿಖರದ ಅರ್ಧ ಕರಿಯಾಗುತ್ತದೆ. ಅದರ ಬದಲು ಎರಡು ಸ್ಟಾಪ್ ಕಡಿಮೆ, ಸಮ, ಎರಡು ಸ್ಟಾಪ್ ಹೆಚ್ಚು ಎಂದು ಮೂರು ಚಿತ್ರ ತೆಗೆದು ಆಮೇಲೆ ಸೇರಿಸುವುದೇ ನಮ್ಮ ನೆಲಕ್ಕೆ ಹೊಂದುತ್ತದೆ. ಕಾಂಡದ ಅಂಚಿಗೆ ಸೂರ್ಯನನ್ನು ಅರ್ಧ ಮರೆಮಾಡಿ ಎಫ್/16ರಲ್ಲಿ ತೆಗೆದರೆ ನಕ್ಷತ್ರದಂಥ ಕಿರಣಗಳು ಮೂಡುತ್ತವೆ. ಅಪರ್ಚರ್‌ನ ಅಲಗುಗಳು ಸಮಸಂಖ್ಯೆಯಾದರೆ ಅಷ್ಟೇ ಕಿರಣ, ಬೆಸವಾದರೆ ಎರಡು ಪಟ್ಟು. ಯುವಿ ಫಿಲ್ಟರ್ ಹಾಕಿದ್ದರೆ ಆಗ ಬಿಚ್ಚಿಡಿ, ಚಿತ್ರದಲ್ಲಿ ಹಸಿರು ಚುಕ್ಕೆಗಳು ಬರುವುದು ಬಹುಪಾಲು ಅದರಿಂದಲೇ.

ಮರಳಿನಲ್ಲಿ ಟ್ರೈಪಾಡ್ ಕಾಲನ್ನು ಒತ್ತಿ ಇಳಿಸಬೇಕು. ಅಲೆ ಬಂದು ಹೋದಾಗ ಕಾಲಡಿಯ ಮರಳು ಕೊಚ್ಚಿ ಮತ್ತೆ ಕುಸಿಯುತ್ತದೆ. ಅಲೆ ಹಿಂದೆ ಸರಿಯಲು ಶುರುವಾದ ಕೂಡಲೇ ಅರ್ಧ ಸೆಕೆಂಡ್ ಶಟರ್ ಒತ್ತಿದರೆ ನೊರೆಯ ಎಳೆಗಳು ಸಿಗುತ್ತವೆ. 10 ಸೆಕೆಂಡ್ ದಾಟಿದರೆ ಅದೇ ನೀರು ಮಂಜಾಗುತ್ತದೆ. ಲೆನ್ಸ್‌ನ ಕಂಪನ ತಡೆಯುವ ವ್ಯವಸ್ಥೆ ಟ್ರೈಪಾಡ್ ಮೇಲೆ ಆಫ್ ಇರಲಿ.

ಮೊಬೈಲ್‌ನಲ್ಲಿ ತೆಗೆಯುವವರು ಮೊದಲು ಲೆನ್ಸ್ ಒರೆಸಿ, ಕಿಸೆಯ ಎಣ್ಣೆಜಿಡ್ಡೇ ದೀಪದ ಸುತ್ತ ಬರುವ ಮಬ್ಬಿಗೆ ಕಾರಣ. 1ಎಕ್ಸ್ ಮುಖ್ಯ ಲೆನ್ಸನ್ನೇ ಬಳಸಿ, ಅತಿ ಅಗಲದ ಲೆನ್ಸ್‌ನ ಹಿಂದೆ ಸಾಮಾನ್ಯವಾಗಿ ಚಿಕ್ಕ ಸೆನ್ಸರ್ ಇರುತ್ತದೆ. ಆಕಾಶದ ಮೇಲೆ ಒತ್ತಿಹಿಡಿದು ಎಕ್ಸ್‌ಪೋಶರ್ ಕಟ್ಟಿ, ಬೆರಳನ್ನು ಸ್ವಲ್ಪ ಕೆಳಗೆಳೆಯಿರಿ.

ಬಳ್ಳಾರಿಯ ಆಕಾಶ, ಕಾರವಾರದ ಬಣ್ಣ

ಆಕಾಶ ಕೆಂಪಾಗುವುದೋ ಇಲ್ಲವೋ ಎಂಬುದು ತಲೆಯ ಮೇಲಿನ ಮೋಡವನ್ನಷ್ಟೇ ಅವಲಂಬಿಸಿಲ್ಲ. 9 ಕಿ.ಮೀ. ಎತ್ತರದ ಹಿಂಜಿದ ಹತ್ತಿಯಂಥ ಮೋಡಕ್ಕೆ, ಸೂರ್ಯ ಇನ್ನೂ 3 ಡಿಗ್ರಿ ಕೆಳಗಿರುವಾಗ, ಬೆಳಕು ನೆಲವನ್ನು ಸವರಿಕೊಂಡು ಬರುವುದು ಮುನ್ನೂರಕ್ಕೂ ಹೆಚ್ಚು ಕಿ.ಮೀ. ಪೂರ್ವದಿಂದ. ಕಾರವಾರದಿಂದ ಅದು ಸುಮಾರಾಗಿ ಬಳ್ಳಾರಿಯ ನೆತ್ತಿ. ಅಲ್ಲಿ ದಟ್ಟ ಮೋಡ ಕಟ್ಟಿದ್ದರೆ ಇಲ್ಲಿ ಎಷ್ಟು ಚೆಂದದ ಮೋಡವಿದ್ದರೂ ಬೂದುಬಣ್ಣದಲ್ಲೇ ಉಳಿಯುತ್ತದೆ. ಅದಕ್ಕೇ ಹಿಂದಿನ ರಾತ್ರಿ ಹವಾಮಾನ ಇಲಾಖೆಯ ಉಪಗ್ರಹ ಚಿತ್ರದಲ್ಲಿ ಗದಗ, ಬಳ್ಳಾರಿ ಕಡೆ ನೋಡಬೇಕು. ಬಣ್ಣ ಏರುವುದು ಸೂರ್ಯೋದಯಕ್ಕೆ 10ರಿಂದ 15 ನಿಮಿಷ ಮೊದಲು. ಘಟ್ಟದ ಮೇಲೆ ಕೂತ ತಗ್ಗಿನ ಮೋಡವೂ ಎಷ್ಟೋ ಸಲ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಮಳೆ ಬಿಟ್ಟ ಅಕ್ಟೋಬರ್ ನವೆಂಬರ್‌ನಲ್ಲಿ ಗಾಳಿ ತೊಳೆದಂತಿದ್ದು ಗುಡ್ಡದ ಸಾಲುಗಳು ಅಂಚು ಅಂಚಾಗಿ ಕಾಣುತ್ತವೆ. ಮಾರ್ಚ್ ಮೇಲೆ ಧೂಳು ಮಬ್ಬು.

ಶಿರಸಿಯ ಮಂಜು

ಘಟ್ಟ ಹತ್ತಿದರೆ ಆಟವೇ ಬೇರೆ. ಆಕಾಶ ನಿರಭ್ರವಾಗಿ, ಗಾಳಿಯಿಲ್ಲದೆ, ನೆಲ ತೇವವಿದ್ದ ರಾತ್ರಿ ಕಳೆದ ಮೇಲೆ ಮಂಜು ಕೂರುತ್ತದೆ. ರಾತ್ರಿಯ ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ (ಗಾಳಿಯ ತೇವ ಹನಿಯಾಗತೊಡಗುವ ಉಷ್ಣಾಂಶ) ನಡುವಿನ ಅಂತರ 2 ಡಿಗ್ರಿಗಿಂತ ಕಡಿಮೆಯಾದರೆ ಅಲಾರಂ ಇಡಬಹುದು. ನವೆಂಬರ್‌ನಿಂದ ಫೆಬ್ರವರಿ ಇದರ ಕಾಲ. ತಣ್ಣಗಾದ ಗಾಳಿ ಭಾರವಾಗಿ ತಗ್ಗಿಗೆ ಇಳಿಯುತ್ತದೆ. ಶಿರಸಿ, ಸಿದ್ದಾಪುರದ ಸೀಮೆಯಲ್ಲಿ ತಗ್ಗಿನಲ್ಲಿರುವುದು ಅಡಿಕೆ ತೋಟ. ಹಾಗಾಗಿ ಮಂಜು ನೇರ ತೋಟಕ್ಕೇ ಇಳಿದು, ಮರದ ತಲೆಗಳಷ್ಟೇ ಮೇಲೆ ಕಾಣುತ್ತವೆ. ನಿಲ್ಲಬೇಕಾದದ್ದು ತೋಟದಲ್ಲಲ್ಲ, ಮೇಲಿನ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಅಂಚಿನಲ್ಲಿ. ಬಚ್ಚಲೊಲೆಯ ಹೊಗೆಯೂ ಆ ತಣ್ಣನೆಯ ಪದರ ದಾಟಲಾರದೆ ಹೆಂಚಿನ ಮಾಡಿನ ಮೇಲೆ ಅಡ್ಡಕ್ಕೆ ಹರಡಿಕೊಂಡಿರುತ್ತದೆ. 70ರಿಂದ 200 ಮಿ.ಮೀ. ಲೆನ್ಸ್‌ಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ.

ಬಿಳಿ ಮಂಜನ್ನು ಮೀಟರ್ ಬೂದು ಮಾಡಲು ನೋಡುತ್ತದೆ. ಮುಕ್ಕಾಲರಿಂದ ಒಂದು ಸ್ಟಾಪ್ ಏರಿಸಿ. ಅಡಿಕೆ ಮರಗಳ ನಡುವೆ ಕಿರಣ ಬೇಕಿದ್ದರೆ ಸೂರ್ಯೋದಯಕ್ಕೆ ಆತುರ ಬೇಡ. ಸೂರ್ಯ 15 ಡಿಗ್ರಿ ಏರಬೇಕು, ಅಂದರೆ ಒಂದು ಗಂಟೆಯ ಮೇಲೆ. ಅಷ್ಟರವರೆಗೆ ಮಂಜು ಉಳಿದಿರಬೇಕು. ಒಂದು ಕಾಂಡದ ಹಿಂದೆ ಸೂರ್ಯನನ್ನು ಅಡಗಿಸಿ ನಿಂತರೆ ಕಿರಣಗಳು ಬೀಸಣಿಗೆಯಂತೆ ಹರಡುತ್ತವೆ, ಒಂದು ಹೆಜ್ಜೆ ಸರಿದರೂ ಮಾಯ. ಶಿರಸಿ ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ಸೂರ್ಯ ಬೆನ್ನ ಹಿಂದೆ. ಅಲ್ಲಿ ಘಟ್ಟದ ನೆರಳು ಕೆಳಗಿನ ಕಾಡಿನ ಮೇಲಿಂದ ಹಿಂದೆ ಸರಿಯುವುದನ್ನು ತೆಗೆಯಬೇಕು. ಚಿತ್ರ ತಿದ್ದುವಾಗ ಮಬ್ಬು ತೆಗೆಯುವ ಡಿಹೇಜ್ ಗುಂಡಿಯಿಂದ ದೂರವಿರಿ, ಕಾದು ಹಿಡಿದ ಮಂಜನ್ನು ಅದು ಒರೆಸಿಬಿಡುತ್ತದೆ.

ಉಪ್ಪು, ತೇವ, ಮತ್ತು ಉಳಿದವರು

ಎಸಿ ಕೋಣೆಯಿಂದ ನೇರ ಕಡಲತೀರಕ್ಕೆ ತಂದ ಲೆನ್ಸ್ ಮೇಲೆ ಕೂಡಲೇ ಹನಿ ಕಟ್ಟುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ, ಗಾಜು ಬಿಸಿಯಾಗುವವರೆಗೆ ಬಿಡದು. ಚೀಲದ ಜಿಪ್ ಹಾಕಿಟ್ಟು ಅರ್ಧ ಗಂಟೆ ಮೊದಲೇ ಹೊರಗಿಡಿ.

ಕಾರವಾರದ ದಕ್ಷಿಣಕ್ಕೆ ಅರ್ಗಾದಲ್ಲಿ ನೌಕಾನೆಲೆಯಿದೆ. ಆ ದಿಕ್ಕಿನಲ್ಲಿ ಫಲಕ ಕಂಡಲ್ಲೆಲ್ಲ ಕ್ಯಾಮೆರಾ ಒಳಗಿರಲಿ. ಡ್ರೋನ್ ಹಾರಿಸುವ ಮೊದಲು ನಾಗರಿಕ ವಿಮಾನಯಾನ ಇಲಾಖೆಯ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಯಾವ ವಲಯದಲ್ಲಿದೆ ನೋಡುವುದು ಕಡ್ಡಾಯವೆಂದೇ ತಿಳಿಯಿರಿ. ಹೊನ್ನಾವರದ ಸುತ್ತಿನ ತೀರಗಳಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಮರಿಗಳು ಬೆಳಕಿನ ಕಡೆ ಹೊರಳಿ ಕಡಲ ದಾರಿ ತಪ್ಪುತ್ತವೆ, ಬಿಳಿ ಟಾರ್ಚ್ ಬೇಡವೇ ಬೇಡ, ಮಂದ ಕೆಂಪು ಬೆಳಕು ಸಾಕು. ಒಣಗಲು ಹಾಕಿದ ಮೀನು, ಹರವಿದ ಬಲೆ ದಾಟಿ ನಡೆಯಬೇಡಿ. ಬಲೆ ಎಳೆಯುವವರ ಮುಖ ತೆಗೆಯುವುದಿದ್ದರೆ ಕೇಳಿ ತೆಗೆಯಿರಿ.

ಮನೆಗೆ ಬಂದ ಮೇಲೆ ಮೊದಲ ಕೆಲಸ ಟ್ರೈಪಾಡ್‌ನದು. ಕಾಲುಗಳನ್ನು ಪೂರ್ತಿ ಎಳೆದು ಸಿಹಿನೀರಲ್ಲಿ ತೊಳೆದು, ತಿರುಪುಗಳನ್ನು ಬಿಚ್ಚಿ ನೆರಳಲ್ಲಿ ಒಣಗಿಸಿ. ಮರಳು ಒಳಗಿರುವಾಗ ಕಾಲು ಮಡಚಿದರೆ ತಿರುಪಿನ ಸುತ್ತುಗೆರೆ ಸವೆಯುತ್ತದೆ, ಉಪ್ಪು ಉಳಿದರೆ ಕೆಲವು ವಾರಗಳಲ್ಲಿ ತಿರುಪು ಹಿಡಿದುಕೊಳ್ಳುತ್ತದೆ. ಲೆನ್ಸ್‌ನ ಮುಂದಿನ ಗಾಜನ್ನು ಒಣ ಬಟ್ಟೆಯಿಂದ ಉಜ್ಜಬೇಡಿ, ಮರಳಿನ ಒಂದು ಕಣ ಸಾಕು ಗೀರು ಬೀಳಲು. ಮೊದಲು ಊದುಗೊಳವೆಯಿಂದ ಊದಿ, ಆಮೇಲೆ ಸಿಹಿನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಿ. ಕ್ಯಾಮೆರಾದ ಮೈಯನ್ನೂ ಹಾಗೆಯೇ ಒರೆಸಿ, ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಿ.